ದುರ್ಬೀನಿನೊಳಗಿನ ತಂಗಿ

ಬಾಳು, ನಿನ್ನ ಎಡಗಣ್ಣು ಬೈಕಿನಿಂದ ಬಿದ್ದು ಹೋದದ್ದಲ್ಲ. ನಾನು ಹೊಡೆದು ಕಳೆದದ್ದು. ನಿನಗೆ ಗೊತ್ತು, ನನಗೆ ಗೊತ್ತು — ಇಷ್ಟು ವರ್ಷ ಊರಿಗೆ ಮಾತ್ರ ಸುಳ್ಳು ಹೇಳಿಕೊಂಡು ತಿರುಗಿದೆ.

ಹಾರೂಗೇರಿಯ ನಿನ್ನ ಫೋಟೋ ಅಂಗಡಿಗೆ ನಾನು ದಿನಾ ಬರುತ್ತಿದ್ದೆ. ನಿಪ್ಪಾಣಿಯ ಹಳೇ ಸಾಮಾನಿನವನಿಂದ ನೀನೊಂದು ಕಟ್ಟಿಗೆಯ ಯಂತ್ರ ತಂದಿದ್ದೆ: ಕೆಳಗೆ ಹಿಡಿ, ಎರಡೂ ಕಣ್ಣಿಗೆ ಒಂದೊಂದು ಗಾಜು, ಮುಂದೆ ಜೋಡಿ ಫೋಟೋ ಸಿಗಿಸುವ ಪಟ್ಟಿ. ನಾವದನ್ನು ದುರ್ಬೀನು ಅನ್ನುತ್ತಿದ್ದೆವು. ನೀನು ಕ್ಯಾಮೆರಾ ತುಸು ಸರಿಸಿ ಒಬ್ಬರನ್ನೇ ಎರಡು ಸಲ ತೆಗೆದು, ಪಕ್ಕಪಕ್ಕ ಅಂಟಿಸುತ್ತಿದ್ದೆ. ಇಣುಕಿದರೆ ಮನುಷ್ಯ ಎದ್ದು ಎದುರಿಗೇ ನಿಲ್ಲುತ್ತಿದ್ದ.

ಆ ಮಧ್ಯಾಹ್ನ ನೀನು ಚಹಾ ತರಲು ಹೋಗಿದ್ದೆ. ನಾನು ಕಣ್ಣಿಟ್ಟೆ. ಒಳಗೆ ನನ್ನ ತಂಗಿ ಸುರೇಖಾ ನಗುತ್ತ ನಿಂತಿದ್ದಳು — ಕೈ ಚಾಚಿದರೆ ಜಡೆ ಸಿಗುವಷ್ಟು ಹತ್ತಿರ. ಲಗ್ನ ಗೊತ್ತಾಗಿದ್ದ ಹುಡುಗಿ! ಇಷ್ಟು ಹತ್ತಿರ ಕಾಣಬೇಕಾದರೆ ನೀನೂ ಅವಳಿಗೆ ಇಷ್ಟೇ ಹತ್ತಿರ ನಿಂತಿರಬೇಕು — ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು. ಅದೇ ದುರ್ಬೀನಿನಲ್ಲಿ ಚಿಂಚಲಿ ಜಾತ್ರೆಯ ಎತ್ತೊಂದು ಮೂಗಿಗೇ ಬಂದಂತೆ ಕಂಡಾಗ ನಾನೇ ನಕ್ಕಿದ್ದೆ. ಆ ನೆನಪು ಆಗ ಎಲ್ಲಿ ಸತ್ತಿತ್ತೋ.

ನೀನು ಬಂದೆ. ನನ್ನ ಮುಖ ನೋಡಿಯೇ ಗಾಬರಿಯಾದೆ. "ನಿಮ್ಮವ್ವನೇ ಹೇಳ್ಯಾಳೋ, ಬೇಕಾರ ಕೇಳಿ ನೋ—"

ಮುಗಿಸಲು ಬಿಡಲಿಲ್ಲ. ಕೈಯಲ್ಲಿದ್ದ ದುರ್ಬೀನಿನಿಂದಲೇ ಮುಖಕ್ಕೆ ಬಾರಿಸಿದೆ. ಗಾಜು ಒಡೆದು ಕಣ್ಣಿಗೆ ನೆಟ್ಟಿತು. ನೀನು ಚೀರಿದೆ. ಕೇಳಿಯೂ ಮತ್ತೆ ಹೊಡೆದೆ, ಬಿದ್ದ ಮೇಲೆ ಒದ್ದೆ, ಹಿಡಿ ಮುರಿಯುವ ತನಕ ಹೊಡೆದೆ. ಸುಳ್ಳೇಕೆ — ಹೊಡೆಯುವಾಗ ಹಿತವೂ ಆಗಿತ್ತು.

ಅಥಣಿಯ ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ನಾನೇ ಮುಂದಾಗಿ, "ಬೈಕ್ ಮ್ಯಾಲಿಂದ ಬಿದ್ದಾನ್ರಿ" ಎಂದೆ. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿ ನೀನು "ಹೌದ್ರಿ" ಎಂದೆ. ನನ್ನ ಸಲುವಾಗಿ ಅಲ್ಲ — ಸುರೇಖಾಳ ಲಗ್ನ ಮುರಿಯಬಾರದೆಂದು.

ರಕ್ತ ಮೆತ್ತಿದ ಆ ಫೋಟೋವನ್ನು ನಾನೇ ಒಲೆಗೆ ಹಾಕಿದೆ. ಮಗಳು ಗಂಡನ ಮನೆಗೆ ಹೋದ ಮೇಲೆ ಎದುರಿಗೆ ನಿಂತ ಹಾಗೆ ನೋಡಿಕೊಳ್ಳಲು ಅವ್ವನೇ ಅದನ್ನು ತೆಗೆಸಿದ್ದಳು. ಅವಳು ಕೇಳಿದಾಗಲೆಲ್ಲ, ಬಾಳು ಕಳೆದನಂತೆ ಎಂದೆ.

ಮೊನ್ನೆ ಕಾಗವಾಡಕ್ಕೆ, ಸುರೇಖಾಳ ಮನೆಗೆ ಹೋಗಿದ್ದೆ. ಅವಳ ಮಗಳು "ಅಂಜಬ್ಯಾಡ್ರಿ ಮಾಮಾ" ಎನ್ನುತ್ತ ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ಟನ್ನು ನನ್ನ ಮುಖಕ್ಕೆ ಕಟ್ಟಿದಳು. ನಿನ್ನ ದುರ್ಬೀನೇ ಅದು — ಹಿಡಿ ಮಾತ್ರ ಇಲ್ಲ. ಕಾಲ ಬುಡಕ್ಕೇ ಕಣಿವೆ. ನಿನ್ನ ಹಾಗೆ ನಾನೂ ಎಡಗಣ್ಣು ಮುಚ್ಚಿದೆ. ಕಣಿವೆ ಗೋಡೆಗೆ ಹಚ್ಚಿದ ಚಿತ್ರದ ಹಾಗೆ ಚಪ್ಪಟೆಯಾಯಿತು. ನೀನು ಚಹಾ ಸುರಿಯುವಾಗ ಕಪ್ಪಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುವುದೇಕೆಂದು ಆಗ ತಿಳಿಯಿತು.

ಅಲ್ಲೇ ಸುರೇಖಾಳಿಗೆ ಎಲ್ಲ ಹೇಳಿದೆ. ಭಾನುವಾರ ನಿನ್ನ ಅಂಗಡಿಯ ಮುಂದೆ ನಿಂತು ಪೇಟೆಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ನೀನು ಏನು ಮಾಡಿದರೂ ಕೈ ಅಡ್ಡ ತರುವುದಿಲ್ಲ.

ಮೊನ್ನೆ ಎಲ್ಲ ಕೇಳಿದ ಸುರೇಖಾ ಅಳಲಿಲ್ಲ. ಒಂದೇ ಮಾತು ಕೇಳಿದಳು: "ಅವ್ವಾ ಸಾಯೂತನಕಾ ಬಾಳಣ್ಣಗ ಶಾಪಾ ಹಾಕ್ತಿದ್ಲು, ನನ್ನ ಮಗಳ ಫೋಟೋ ಕಳದಾ ಅಂತ. ನೀ ಬಾಜೂಕ ಕುಂತ ಕೇಳ್ತಿದ್ದೇನೋ ಅಣ್ಣಾ?"

ಕುಳಿತಿದ್ದೆ, ಬಾಳು. ಊಟ ಮಾಡುತ್ತ ಕೇಳುತ್ತಿದ್ದೆ.