ಕಾರಿನ ಕೆಳಗಿನ ದಿಂಬು

ಮೊನ್ನೆ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವಾಗ, ಹುನಗುಂದ ದಾಟಿದ ಮೇಲೆ, ಎಮ್ಮೆಗಳು ರಸ್ತೆ ದಾಟಲೆಂದು ನಮ್ಮ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ಒಂದು ಮನೆಯ ಅಂಗಳದಲ್ಲಿ ಬಿಳಿ ಕಾರು, ಅದರ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲು, ಕಾಲಿಗೆ ನೀಲಿ ಹವಾಯಿ ಚಪ್ಪಲಿ. ಕಾರಿನ ಹಿಂಭಾಗ ನಿಂತದ್ದು ನಾಲ್ಕು ಇಟ್ಟಿಗೆಗಳ ಮೇಲೆ. ಮೇಲಿನ ಇಟ್ಟಿಗೆಯ ಮೂಲೆ ಆಗಲೇ ಮುಕ್ಕಾಗಿತ್ತು. ಸುತ್ತ ಮೂವರು ಗಂಡಸರು ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಎಲ್ಲೇ ಕಾರು ಮೇಲೆದ್ದರೂ ಇಂಥ ಮೂವರು ಎಲ್ಲಿಂದ ಪ್ರತ್ಯಕ್ಷರಾಗುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಅವರು ಕೆಲಸಕ್ಕೆ ಕೈ ಹಚ್ಚುವುದಿಲ್ಲ, ನಟ್ಟು ಬಿಚ್ಚುವ ಪಾನಾ ಕೇಳಿದರೆ ಎತ್ತಿ ಕೊಡುವುದಿಲ್ಲ. "ಏನಾಗಂಗಿಲ್ಲ" ಎನ್ನುವುದಷ್ಟೇ ಅವರ ಉದ್ಯೋಗ. ಈ ಮಾತು ಹೇಳುವವನು ಯಾವತ್ತೂ ಕಾರಿನ ಕೆಳಗೆ ಇರುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬೇಕು.

ನಾನು ಅವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಿದ್ದೇನೆ ಎಂದುಕೊಂಡಿದ್ದೆ. ಪಕ್ಕದ ಸೀಟಿನ ಹೆಣ್ಣುಮಗಳು ತನ್ನ ಕೈಚೀಲ ಎಳೆದುಕೊಂಡು ಆಚೆ ಸರಿದಾಗಲೇ ದನಿ ಹೊರಗೆ ಬಿದ್ದಿದೆ ಎಂದು ಗೊತ್ತಾಯಿತು. ಏನು ಮಾಡಲಿ, ಇಡೀ ಜೀವಮಾನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಬೈಯುವುದು ಸಂಬಳದ ಜೊತೆಗೇ ಬಂದ ಅಭ್ಯಾಸ. ಸಂಬಳ ನಿಂತರೂ ಅದು ನಿಂತಿಲ್ಲ. ಎಮ್ಮೆಗಳು ದಾಟಿದವು, ಬಸ್ಸು ಹೊರಟಿತು. ಹೊರಡುವಾಗ ನೋಡಿದೆ, ಕಾರಿನ ಕೆಳಗಿದ್ದವನ ಕಾಲ ಹೆಬ್ಬೆರಳು ಯಾವುದೋ ಹಾಡಿಗೆ ತಾಳ ಹಾಕುತ್ತಿತ್ತು.

ಆ ಹೆಬ್ಬೆರಳು ನನ್ನನ್ನು ನವನಗರದ ನಮ್ಮ ಮನೆಯವರೆಗೂ ಬಿಡಲಿಲ್ಲ. ಯಾಕೆಂದರೆ ಇಂಥದೇ ಒಂದು ಕತೆ ನನ್ನ ಬಳಿಯೂ ಇದೆ. ನಮ್ಮ ಬೀಗರು, ನೆರೆಹೊರೆ, ಶಾಲೆಯ ಹಳೆಯ ಗೆಳತಿಯರು ಎಲ್ಲರಿಗೂ ಅದನ್ನು ಹೇಳಿ ನಗಿಸಿದ್ದೇನೆ. ಹಿಂದಿನ ದಿನವೇ ಇಳಕಲ್ಲಿನಲ್ಲಿ ಮೈದುನನ ಮಗಳ ನಿಶ್ಚಯದ ಊಟ ಮುಗಿದ ಮೇಲೆ ಮತ್ತೊಮ್ಮೆ ಹೇಳಿ ಬಂದಿದ್ದೆ. ಪ್ರತಿ ಸಲವೂ ಆ ಕತೆಯಲ್ಲಿ ಒಂದು ಸಂಗತಿಯನ್ನು ಬಿಟ್ಟೇ ಹೇಳಿದ್ದೇನೆ. ಹಾಗೆ ಬಿಟ್ಟದ್ದರಿಂದ ಒಬ್ಬ ಮನುಷ್ಯ ಎಂಟು ವರ್ಷದಿಂದ ಎಲ್ಲರ ಎದುರು ದಡ್ಡನಾಗಿ ಕುಳಿತಿದ್ದಾನೆ. ಆ ಮನುಷ್ಯ ನನ್ನ ಗಂಡ.

ನಮ್ಮ ಮನೆಯವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ವಾರಕ್ಕೆ ಆರು ದಿನ ಫೈಲು ಕಟ್ಟುತ್ತಿದ್ದರು, ಏಳನೆಯ ದಿನ ಕಾರು ಬಿಚ್ಚುತ್ತಿದ್ದರು. ಗ್ಯಾರೇಜಿನವರೆಲ್ಲ ಕಳ್ಳರು ಎಂಬುದು ಅವರ ಗಟ್ಟಿ ನಂಬಿಕೆ. ಹಾಗೆಂದು ಯಾರೂ ಅವರಿಂದ ಏನನ್ನೂ ಕದ್ದದ್ದಿಲ್ಲ. ಅವರು ಗ್ಯಾರೇಜಿಗೆ ಹೋದರಲ್ಲವೇ ಕದಿಯುವುದು. ಮೊಬೈಲಿನಲ್ಲಿ ಯಾರೋ ಕಾರು ರಿಪೇರಿ ಮಾಡುವುದನ್ನು ನೋಡುವರು, ಅರ್ಧ ನೋಡಿ ಎದ್ದು ಹೊರಗೆ ಹೋಗುವರು. ಉಳಿದರ್ಧದಲ್ಲಿ ಏನು ಹೇಳಿದ್ದರು ಎಂಬುದು ಕಾರಿಗೆ ಆಮೇಲೆ ಗೊತ್ತಾಗುತ್ತಿತ್ತು.

ಸ್ಟ್ಯಾಂಡ್ ಇರಲಿಲ್ಲವೆಂದಲ್ಲ. ಕಾರನ್ನು ಜ್ಯಾಕಿನಿಂದ ಎತ್ತಿದ ಮೇಲೆ ಕೆಳಗೆ ಕೊಡುವ ಕಬ್ಬಿಣದ ಜ್ಯಾಕ್ ಸ್ಟ್ಯಾಂಡುಗಳನ್ನು ಹುಬ್ಬಳ್ಳಿಯಿಂದ ಜೋಡಿಯಾಗಿ ತರಿಸಿದ್ದರು. ಕೆಂಪು ಬಣ್ಣ, ಎತ್ತರ ಹೆಚ್ಚು ಕಡಿಮೆ ಮಾಡಲು ಹಲ್ಲು, ಜಾರದಂತೆ ತೂರಿಸಲು ಒಂದು ಪಿನ್ನು. ನೋಡಲು ಚಂದವಾಗಿದ್ದವು. ಅಷ್ಟು ಚಂದವಿದ್ದುದೇ ತಪ್ಪಾಯಿತು. ನೆಲಕ್ಕಿಟ್ಟರೆ ಬಣ್ಣ ಹೋಗುತ್ತದೆ ಎಂದು ಅವನ್ನು ಡಬ್ಬಿಸಮೇತ ಕಪಾಟಿನ ಮೇಲೆ ಏರಿಸಿಬಿಟ್ಟರು. ನಮ್ಮ ಕಡೆಯ ಮನೆಗಳಲ್ಲಿ ಒಳ್ಳೆಯ ಸಾಮಾನಿಗೆ ಇದೇ ಗತಿ. ಸ್ಟೀಲಿನ ಹೊಸ ತಟ್ಟೆ ಟ್ರಂಕಿನಲ್ಲಿರುತ್ತದೆ, ನಾವು ನಗ್ಗಿದ ತಟ್ಟೆಯಲ್ಲಿ ಉಣ್ಣುತ್ತೇವೆ. ಹೊಸ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿ ನಾವು ಚಾಪೆಯ ಮೇಲೆ ಕೂಡುತ್ತೇವೆ. ದಸರೆಯ ಖಂಡೆ ಪೂಜೆಯ ದಿನ ಸ್ಟ್ಯಾಂಡುಗಳು ಕೆಳಗಿಳಿದು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಏರಿಸಿಕೊಂಡು, ಮರುದಿನ ಮತ್ತೆ ಮೇಲೆ ಹೋಗುತ್ತಿದ್ದವು. ಇಡೀ ವರ್ಷದಲ್ಲಿ ಅವು ಹೊತ್ತ ಭಾರವೆಂದರೆ ಆ ಹೂವಿನದು.

ಹಾಗಾದರೆ ಕಾರನ್ನು ಹೊರುತ್ತಿದ್ದುದು ಯಾವುದು? ಕಲ್ಲು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರಖಾನೆಯಲ್ಲಿ ನನ್ನ ಮೈದುನ ಮೇಲ್ವಿಚಾರಕ. ನಮ್ಮ ಮನೆ ಕಟ್ಟುವಾಗ ಕಾರು ನಿಲ್ಲಿಸುವ ಪೋರ್ಚಿಗೂ ಕನ್ನಡಿಯಂಥ ಗ್ರಾನೈಟ್ ಹಾಕಿಸಿಕೊಟ್ಟ ಪುಣ್ಯಾತ್ಮ ಅವನೇ. ನೀರು ಹರಿದು ಹೋಗಲೆಂದು ಗೌಂಡಿ ಅದಕ್ಕೆ ರಸ್ತೆಯ ಕಡೆ ಇಳಿಜಾರು ಬೇರೆ ಕೊಟ್ಟಿದ್ದ. ಉಳಿದ ತುಂಡುಗಳನ್ನು ಹಿತ್ತಲಲ್ಲಿ ಒಟ್ಟಿದ್ದರು. ಕಾರಿಗೆ ಇವನ್ನು ಕೊಟ್ಟರೆ ಹೇಗೆ ಎಂದು ಅಣ್ಣ ಕೇಳಿದಾಗ ತಮ್ಮ ಎದೆಯುಬ್ಬಿಸಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಅಣ್ಣಾ, ನಮ್ಮ ಕಲ್ಲ ಗುಡಿನ ಹೊತ್ತಾವು. ನಿನ್ನ ಡಬ್ಬಿ ಗಾಡಿ ಹೊರಂಗಿಲ್ಲೇನು?"

ಹೊರುವ ಪ್ರಶ್ನೆಯನ್ನು ಯಾರು ಎತ್ತಿದ್ದರು? ಕಲ್ಲಿನ ಮೇಲೆ ಕಲ್ಲು ಇಟ್ಟರೆ, ಎರಡೂ ಪಾಲಿಶ್ ಮಾಡಿದ ಮೈಗಳು ಒಂದಕ್ಕೊಂದು ತಾಗಿದರೆ, ಜಾರುತ್ತವೋ ಇಲ್ಲವೋ ಎಂಬುದು ಪ್ರಶ್ನೆ. ಇದು ಮೈದುನನಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಎಲ್ಲ ಮುಗಿದ ಮೇಲೆ ಬಂದು ನೋಡಿ, ಕಾರಖಾನೆಯಲ್ಲಿ ತಾವು ಎರಡು ಕಲ್ಲಿನ ಫಳಿಗಳ ನಡುವೆ ಕಟ್ಟಿಗೆಯ ಪಟ್ಟಿ ಕೊಡದೆ ಒಂದರ ಮೇಲೊಂದು ಇಡುವುದೇ ಇಲ್ಲ ಎಂದು ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಇಷ್ಟೂ ಅಣ್ಣನಿಗೆ ಗೊತ್ತಿರುವುದಿಲ್ಲ ಎಂದು ತನಗೆ ಹೊಳೆಯಲಿಲ್ಲವಂತೆ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ತಾಯಿ ಹೆತ್ತದ್ದು ಎಂಬುದರಲ್ಲಿ ಆಗ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ಎಂಟು ವರ್ಷದ ಹಿಂದಿನ ಆ ರವಿವಾರ ಸೈಲೆನ್ಸರು ಗಡಗಡ ಎನ್ನುತ್ತಿತ್ತು. ಇವರು ಕಾರಿನ ಹಿಂದಿನ ಬಲಭಾಗವನ್ನು ಜ್ಯಾಕಿನಿಂದ ಎತ್ತಿ, ಮೂರು ಗ್ರಾನೈಟ್ ತುಂಡು ಒಟ್ಟಿ ಕೆಳಗೆ ಕೊಟ್ಟು, ಅಡ್ಡ ಬರುತ್ತದೆಂದು ಜ್ಯಾಕನ್ನು ತೆಗೆದರು. ಕೈ ಆಡಲೆಂದು ಗಾಲಿಯನ್ನೂ ಬಿಚ್ಚಿದರು. ಮುಂದಿನ ಗಾಲಿಗಳಿಗೆ ಅಡ್ಡ ಒಂದು ಹರಳು ಕೂಡ ಇಟ್ಟಿರಲಿಲ್ಲ. ಆಮೇಲೆ ನೆಲ ತಣ್ಣಗಿದೆ ಎಂದು ಒಳಗಿನಿಂದ ಒಂದು ದಿಂಬು ಒಯ್ದರು. ಯಾವ ದಿಂಬು? ಬಂದವರಿಗೆಂದು ನಾನು ಕೈಯಾರೆ ಕಸೂತಿ ಹಾಕಿ ಇಟ್ಟಿದ್ದ ದಿಂಬು. ಕಪಾಟಿನ ಮೇಲಿನ ಸ್ಟ್ಯಾಂಡಿನ ಬಣ್ಣ ಹೋಗಬಾರದು, ನನ್ನ ಕಸೂತಿಗೆ ಮಾತ್ರ ಗಾಡಿಯ ಕರಿ ಎಣ್ಣೆ ಹತ್ತಬಹುದು.

ನಾನು ಹಿಂದಿನ ಸೀಟಿನಲ್ಲಿದ್ದ ಕಾಯಿಪಲ್ಲೆ ಚೀಲ ತರಲೆಂದು ಹೊರಗೆ ಬಂದವಳು ಇದನ್ನು ಕಂಡೆ. ಕಾರಿನ ಬಾಗಿಲು ತೆರೆದು, ಚೀಲ ಎತ್ತಿಕೊಂಡು, ಅಲ್ಲೇ ನಿಂತು ಶುರು ಮಾಡಿದೆ. ಏನೇನು ಅಂದೆನೋ ಎಲ್ಲ ಇಲ್ಲಿ ಬರೆಯುವಂತಿಲ್ಲ. ಅವರ ಕೆಲಸ, ಬುದ್ಧಿ, ಅವರ ಮನೆತನ, ಯಾವುದನ್ನೂ ಬಿಡಲಿಲ್ಲ. ನಮ್ಮ ಮನೆಯವರಲ್ಲಿ ಒಂದು ಗುಣವಿದೆ. ಅವರಿಗೆ ಮಲಗಿಕೊಂಡು ಜಗಳ ಆಡಲು ಬರುವುದಿಲ್ಲ. ಉತ್ತರ ಕೊಡಬೇಕೆಂದರೆ ಎದ್ದು ಕೂಡಲೇಬೇಕು. ಹಾಗೆ ತೆವಳಿ ಹೊರಗೆ ಬಂದು, ಕುಳಿತು, ಮೂಗಿನ ಮೇಲಿನ ಮಸಿ ಒರೆಸಿಕೊಂಡು, ಬಾಯಿ ತೆರೆದರು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕತೆ. ಮುಂದಿನದನ್ನು ನಾನು ಹೇಳುತ್ತಿದ್ದುದು ಹೀಗೆ: "ಅಷ್ಟರಲ್ಲಿ ಕಲ್ಲು ತಾನಾಗಿಯೇ ಜಾರಿ ಕಾರು ಧೊಪ್ಪನೆ ಬಿತ್ತು." ತಾನಾಗಿ ಜಾರಲಿಲ್ಲ. ಅವರು ಬಾಯಿ ತೆರೆದದ್ದು ಕಂಡು, ಕೊನೆಯ ಮಾತು ನನ್ನದೇ ಆಗಿರಲಿ ಎಂದು ನಾನು ಕಾರಿನ ಬಾಗಿಲನ್ನು ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಡಿದೆ. ಮೇಲಿನ ಕಲ್ಲು ಸರ್ರನೆ ಜಾರಿತು. ಗಾಲಿಯಿಲ್ಲದ ಕಾರು ನೆಲಕ್ಕೆ ಬಿದ್ದು ಪೋರ್ಚಿನ ಗ್ರಾನೈಟ್ ಫಳಿ ಎರಡು ಹೋಳಾಯಿತು. ದಿಂಬು ಅಲ್ಲೇ ಇತ್ತು. ಅವರ ತಲೆ ಅರ್ಧ ನಿಮಿಷದ ಹಿಂದೆ ಇದ್ದ ಜಾಗದಲ್ಲಿ, ಕಾರಿನ ಭಾರದ ಕೆಳಗೆ, ನನ್ನ ಕಸೂತಿ ಹರಿದು ಅರಳೆ ಹೊರಗೆ ಬಂದಿತ್ತು.

ನನ್ನ ಬೈಗುಳದಿಂದ ಅವರು ಬದುಕಿದರು. ಅವರು ಉತ್ತರ ಕೊಡುವ ಉಮೇದಿನವರಲ್ಲದಿದ್ದರೆ ಅದೇ ಸಿಟ್ಟು ಅವರನ್ನು ಕೊಲ್ಲುತ್ತಿತ್ತು. ಮೊದಲರ್ಧವನ್ನು ಮಾತ್ರ ನಾನು ಊರಿಗೆಲ್ಲ ಹಂಚಿದೆ. ಬಾದಾಮಿಯ ನನ್ನ ಅಕ್ಕನ ಮನೆಯಲ್ಲಿ ಮಕ್ಕಳು ಅವರನ್ನು "ದಿಂಬಿನ ಕಾಕಾ" ಎಂದು ಕರೆಯತೊಡಗಿದರು. ನಳ ಸೋರಿದರೂ ಅವರ ಕೈಗೆ ಪಾನಾ ಕೊಡುವವರಿಲ್ಲದಾಯಿತು. ನಾನು ಕತೆ ಹೇಳುವಾಗ ಅವರು ಅಲ್ಲೇ ಕುಳಿತು, ಎಲ್ಲರ ಜೊತೆ ತಾವೂ ಸ್ವಲ್ಪ ನಗುತ್ತಿದ್ದರು. ಈ ಸಲ ನಿಶ್ಚಯಕ್ಕೆ ಅವರು ಬರಲಿಲ್ಲ. ಮೊಣಕಾಲು ನೋವು ಎಂದರು. ಮೊಣಕಾಲು ನೋಯುವವರು ವಾರ ವಾರ ಕಾರಿನ ಕೆಳಗೆ ತೆವಳುವುದಿಲ್ಲ. ಅದು ಗೊತ್ತಿದ್ದೂ ನಾನು ಒಬ್ಬಳೇ ಬಸ್ಸು ಹತ್ತಿದ್ದೆ.

ಹೌದು, ತೆವಳುವುದನ್ನು ಅವರು ಬಿಟ್ಟಿರಲಿಲ್ಲ. ಆದರೆ ಆ ರವಿವಾರದ ನಂತರ ಪದ್ಧತಿ ಬದಲಾಗಿತ್ತು. ಪೋರ್ಚಿನ ಗ್ರಾನೈಟ್ ಒಡೆಸಿ, ಸಮಮಟ್ಟವಾಗಿ ಒರಟು ಕಾಂಕ್ರೀಟು ಹಾಕಿಸಿದರು. ಸ್ಟ್ಯಾಂಡುಗಳು ಕಪಾಟಿನಿಂದ ಇಳಿದವು. ಕಾರು ನಿಲ್ಲಿಸಿ, ಗೇರಿನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ಅಡ್ಡ ಕೊಡುವರು. ಕಾರಿನ ಹೊಟ್ಟೆಯಲ್ಲಿ ತಗಡು ಯಾವುದು, ಭಾರ ಹೊರುವ ಗಟ್ಟಿ ಪಟ್ಟಿ ಯಾವುದು ಎಂದು ಪುಸ್ತಕ ನೋಡಿ, ಅಲ್ಲಿಗೇ ಸ್ಟ್ಯಾಂಡ್ ಕೊಟ್ಟು, ಎರಡೂ ಒಂದೇ ಹಲ್ಲಿನಲ್ಲಿವೆಯೇ ಎಂದು ಎಣಿಸಿ, ಪಿನ್ನು ತೂರಿಸಿ, ಜ್ಯಾಕನ್ನು ಮೆಲ್ಲಗೆ ಇಳಿಸುವರು. ಬಿಚ್ಚಿದ ಗಾಲಿಯನ್ನೂ ಕಾರಿನ ಕೆಳಗೇ ಅಡ್ಡ ಮಲಗಿಸುವರು. ಇಷ್ಟು ಮುತುವರ್ಜಿ ನಮ್ಮ ಮದುವೆಯಲ್ಲಿ ಯಾರೂ ವಹಿಸಿರಲಿಲ್ಲ.

ಕೊನೆಗೆ ನನ್ನನ್ನು ಕೂಗುವರು. "ಬಾ ಇಲ್ಲೆ, ಬಾಗಲಾ ಹಾಕು." ನನಗೆ ಎದೆಯಲ್ಲಿ ಚುಚ್ಚಿದಂತಾಗುತ್ತಿತ್ತು. ಇದು ಚುಚ್ಚುಮಾತೇ, ಬಾಯಿಬಿಟ್ಟು ಹೇಳದೆ ಎಂಟು ವರ್ಷದಿಂದ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದೇ ತಿಳಿದಿದ್ದೆ. ಹೋಗಿ, ಒಳಗೆ ಕೂಸು ಮಲಗಿದೆಯೇನೋ ಎಂಬಂತೆ, ಬಾಗಿಲನ್ನು ಎರಡು ಬೆರಳಿನಿಂದ ಮೆತ್ತಗೆ ಒತ್ತಿ ಹಾಕಿ ಒಳಗೆ ಬಂದುಬಿಡುತ್ತಿದ್ದೆ. ನನಗೂ ನಾಚಿಕೆಯಿದೆ ಎಂದು ಅವರಿಗೆ ತಿಳಿಯಲಿ ಎಂದು ಹಾಗೆ ಮಾಡುತ್ತಿದ್ದೆ.

ಮೊನ್ನೆ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಆ ನೀಲಿ ಚಪ್ಪಲಿಯವನ ಇಟ್ಟಿಗೆ ಇನ್ನೂ ನಿಂತಿದ್ದರೆ ಅದಕ್ಕೆ ಒಂದೇ ಕಾರಣ, ಅವನ ಮನೆಯಲ್ಲಿ ಇನ್ನೂ ಯಾರಿಗೂ ಸಿಟ್ಟು ಬಂದಿಲ್ಲ. ಅವನನ್ನು ಬೈಯಲು ನನಗೇನು ಅಧಿಕಾರವಿತ್ತು? ಮನೆ ಮುಟ್ಟುವ ಹೊತ್ತಿಗೆ ನನ್ನ ಬಗ್ಗೆಯೇ ಅಸಹ್ಯವಾಗಿತ್ತು. ಇವರು ಪಡಸಾಲೆಯಲ್ಲಿ ಮೊರದ ಮುಂದೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಚೀಲ ಇಳಿಸುವ ಮೊದಲೇ ಕೇಳಿದೆ, ಮೊಣಕಾಲು ನೋವು ಖರೆಯೋ ಎಂದು. "ಇಲ್ಲ" ಅಂದರು.

ಎದುರಿಗೆ ಕುಳಿತೆ. "ಆವತ್ತ ಕಲ್ಲ ತಾನ ಜಾರಲಿಲ್ರಿ. ಬಾಗಲಾ ಬಡದಾಕಿ ನಾ."

"ಗೊತ್ತೈತಿ. ನಾ ಅಲ್ಲೇ ಕುಂತಿದ್ನೆಲಾ."

"ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ರಿ? ನಾಕ ಮಂದ್ಯಾಗ ಒಮ್ಮೆರ ಹೇಳಬಾರದಾಗಿತ್ತಾ?"

ಅವರು ಒಂದು ಕಾಯಿ ಒಡೆದು, ಕಾಳನ್ನು ಮೊರಕ್ಕೆ ಹಾಕಿದರು. "ಬಾಗಲಾ ಹಾಕಿದ್ರ ಬೀಳೂ ಅಂಥಾ ಗಾಡಿ ಬುಡಕ ಹೋಗಿ ಮಕ್ಕೊಂಡಾಂವ ನಾ. ಅದರಾಗ ನಿಂದೇನ್ ಹೇಳೂದು?"

ಹಾಗಾದರೆ ಪ್ರತಿ ಸಲ ಬಾಗಿಲು ಹಾಕಲು ಕರೆಯುವುದು ಚುಚ್ಚಲು ಅಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಿಲ್ಲಿಸಿದ ಗಾಡಿ ಗಟ್ಟಿಯಿದೆಯೋ ಇಲ್ಲವೋ ಎಂದು ಕೆಳಗೆ ಹೋಗುವ ಮೊದಲು ಅಲ್ಲಾಡಿಸಿ ನೋಡಬೇಕಂತೆ. "ತಾ ನಿಲ್ಸಿದ ಗಾಡಿನ ತಾನ ಜೋರಾಗಿ ನೂಕಿ ನೋಡಾಕ ಯಾರಿಗೂ ಮನಸ್ ಬರಂಗಿಲ್ಲ. ಕೈ ಹಗರ ಆಗ್ತೈತಿ. ಅದಕ್ಕ ನಿನ್ನ ಕರಿತೇನಿ. ನೀ ಅಂದ್ರ ನನ್ನ ಕೆಲಸಾನ ಸುಮ್ನ ಬಿಡಾಕಿ ಅಲ್ಲ ಅಂತ."

ಹಾಗಾದರೆ ಆ ಪರೀಕ್ಷೆ ಒಮ್ಮೆಯೂ ಆಗಿಯೇ ಇರಲಿಲ್ಲ. ಎಂಟು ವರ್ಷ ನಾನು ಎರಡು ಬೆರಳಿನಿಂದ ಬಾಗಿಲು ಹಾಕಿದ್ದನ್ನು ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಿದರು. ತಾವು ಕಾರಿನ ಆಚೆ ಬದಿ ಜ್ಯಾಕಿನ ಕಡೆ ಮುಖ ಮಾಡಿ ಕುಳಿತಿರುತ್ತಿದ್ದರಂತೆ, ಬಾಗಿಲ ಸದ್ದು ಕೇಳಿದರೆ ಸಾಕೆಂದು ಕೆಳಗೆ ಹೋಗುತ್ತಿದ್ದರಂತೆ. ಮೆತ್ತಗಿನ ಸದ್ದನ್ನು ಕೇಳಿ, ಈಗೀಗ ನನ್ನ ಸಿಟ್ಟು ಇಳಿದಿದೆ ಎಂದುಕೊಂಡು ಸಮಾಧಾನಪಟ್ಟಿದ್ದರಂತೆ. ಒಬ್ಬರು ಗುಮಾಸ್ತರು, ಒಬ್ಬರು ಗಣಿತದ ಶಿಕ್ಷಕಿ. ನಮ್ಮಂಥ ಜಾಣರ ಜೋಡಿ ಜಿಲ್ಲೆಯಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ನಿನ್ನೆ ರವಿವಾರ. ಆಯಿಲ್ ಬದಲಿಸಬೇಕಿತ್ತು. ಎಲ್ಲ ಸಿದ್ಧ ಮಾಡಿ ಕೂಗಿದರು. ನಾನು ಹೋಗಿ ಬಾಗಿಲು ಹಿಡಿದು ನಿಂತೆ. ಬೇಕೆಂದಾಗ ಸಿಟ್ಟು ಬರಲಿಲ್ಲ. ಕಣ್ಣು ಮುಚ್ಚಿ ಅವರ ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆದೆ, ಯಾವುದೂ ಸಾಲಲಿಲ್ಲ. ಕೊನೆಗೆ ನನ್ನವನ್ನು ನೆನೆದು ಬಡಿದೆ. ಎದುರು ಮನೆಯ ಮುದುಕಿ ಗಂಡ ಹೆಂಡಿರ ಜಗಳವೆಂದು ಓಡಿ ಬಂದು ಕಾಂಪೌಂಡಿಗೆ ನಿಂತಳು. ಸ್ಟ್ಯಾಂಡಿನ ಮೇಲಿನ ಕಾರು ಮಿಸುಕಲಿಲ್ಲ.

ಅವರು ಕೆಳಗೆ ಹೋಗಲು ಮೊಣಕಾಲೂರಿದರು. ನಾನು ತಡೆದೆ. ಸುತ್ತು ಹಾಕಿ ಉಳಿದ ಮೂರೂ ಬಾಗಿಲು ತೆಗೆದು ಬಡಿದೆ, ಡಿಕ್ಕಿಯನ್ನೂ ಬಡಿದೆ, ಬಂಪರಿಗೆ ಸೊಂಟ ಕೊಟ್ಟು ಎರಡು ಸಲ ನೂಕಿದೆ. ಕೈ ಕೆಂಪಾಗಿತ್ತು. ಆಮೇಲೆ, ಮದುವೆಯಾದಾಗಿನಿಂದ ಮೊದಲ ಸಲ, ನಾನೇ ಅವರಿಗೆ ಹೇಳಿದೆ: "ಈಗ ಹೋಗ್ರಿ ಬುಡಕ."