ನೀಲತ್ತೆ ನಿದ್ದೆಹೋದ ಕಾರು

ಹೊಸ ಕಾರು ಎಲ್ಲಿ ಕಂಡರೂ ಬಸಪ್ಪ ಮಾವ ಮೊದಲು ಬೆರಳ ಗೆಣ್ಣಿನಿಂದ ಅದರ ಬಾನೆಟ್ಟನ್ನು ಕುಟ್ಟಿ ನೋಡುತ್ತಿದ್ದರು. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರ ಹಾಗೆ ತಲೆ ವಾಲಿಸಿ ಸದ್ದು ಕೇಳಿಸಿಕೊಂಡು, ಕಾರಿನ ಯಜಮಾನ ಎದುರಿಗೇ ನಿಂತಿದ್ದರೂ ಲೆಕ್ಕಿಸದೆ, "ಬಿಸ್ಕತ್ ಡಬ್ಬ" ಎಂದು ತೀರ್ಪು ಕೊಟ್ಟು ಮುಂದೆ ನಡೆಯುತ್ತಿದ್ದರು. ನಂಜನಗೂಡಿನ ನಮ್ಮ ಬೀದಿಯಲ್ಲಿ ಈ ತೀರ್ಪಿನಿಂದ ಪಾರಾದದ್ದು ಒಂದೇ ಕಾರು. ಅದು ಅವರದೇ ಬಿಳಿ ಅಂಬಾಸಿಡರ್.

ಮಾವ ಅಂದರೆ ನಮಗೆ ನೆಂಟರೇನಲ್ಲ, ಪಕ್ಕದ ಮನೆಯವರು. ಊರು ಬಿಳಿಗೆರೆ ಕಡೆ. ಪೇಟೆಯಲ್ಲಿ ಬೀಗ, ಚಿಲಕ, ಮೊಳೆ ಮಾರುವ ಅಂಗಡಿ ಇಟ್ಟಿದ್ದರು. ವ್ಯಾಪಾರದಲ್ಲಿ ಮಿತಭಾಷಿ. ಆದರೆ ಯಾರಾದರೂ ಕಾರಿನ ಮಾತು ಎತ್ತಿಬಿಟ್ಟರೆ, ಚಿಲಕ ಕೊಳ್ಳಲು ಬಂದವರು ಚಿಲಕ ಮರೆತು ಮನೆಗೆ ಹೋಗಬೇಕಿತ್ತು. ನನಗೆ ಅವರ ವಾದ ಬಾಯಿಪಾಠವಾಗಿತ್ತು: "ಹಳೇ ಕಾರು ಮನ್ಸ ಇದ್ದಂಗೆ ಕಣಮ್ಮ. ಕಾಯಿಲೆ ಬೀಳೋಕ್ ಮುಂಚೆ ಕೆಮ್ತದೆ, ನರಳ್ತದೆ, ಏನಾಯ್ತಾ ಅದೆ ಅಂತ ಹೇಳ್ಕೊತದೆ. ಈಗಿನ್ವು ಕೆಂಪು ದೀಪ ಒಂದ ಹಚ್ಕೊಂಡು ಮುನಿಸ್ಕೊಂಡು ಕೂತ್ಬುಡ್ತವೆ."

ತಾಂಡ್ಯ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ಕಾರು ಕಲಿಸಿದವರು ಅವರೇ. ಭಾನುವಾರ ಅಲ್ಲಿನ ರಸ್ತೆಗಳು ಖಾಲಿ ಹೊಡೆಯುತ್ತವೆ. ಕಿಟಕಿಗಳನ್ನೆಲ್ಲ ಇಳಿಸಿ, ಮೀಟರಿನ ಮೇಲೆ ತಮ್ಮ ಟವಲ್ಲು ಹೊದಿಸಿ, ಕಣ್ಣು ರಸ್ತೆಗೆ, ಕಿವಿ ಇಂಜಿನ್ನಿಗೆ, ಸದ್ದು ಕೇಳಿಯೇ ಗೇರು ಬದಲಾಯಿಸು ಎನ್ನುತ್ತಿದ್ದರು. ನಾನು ಕ್ಲಚ್ಚು ಬಿಟ್ಟ ರಭಸಕ್ಕೆ ಗಾಡಿ ಎಗರಿ ನಿಂತರೆ ನನ್ನನ್ನು ಬೈಯುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಸವರುತ್ತ ಕಾರಿಗೆ ಸಮಾಧಾನ ಹೇಳುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಇಷ್ಟೆಲ್ಲ ಕಲಿತು ನಾನು ಕೊನೆಗೆ ಕೊಂಡದ್ದು ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರು. ಮಾವ ಅದನ್ನು ಕುಟ್ಟಿಯೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಜಗಲಿಯಿಂದಲೇ, "ಸುಮಾ, ಎಡಗಾಲಿಗೆ ಕೆಲ್ಸ ಇಲ್ವಂತಲ್ಲ, ಮನೇಲೇ ಬಿಟ್ಟೋಗು" ಎಂದರು. ಅವರ ಹೆಂಡತಿ ನೀಲತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಈ ಮಾತು ನನ್ನ ದಿನದ ಕಾಫಿಯಷ್ಟೇ ಖಾಯಂ ಆಯಿತು.

ನೀಲತ್ತೆಯ ತವರು ತಿ. ನರಸೀಪುರ. ಅಲ್ಲಿ ಅಕ್ಕನ ಮನೆ ಇತ್ತು. ತಿಂಗಳಿಗೆ ಒಂದೆರಡು ಸಲ ಗಂಡ ಹೆಂಡತಿ ಅಂಬಾಸಿಡರಿನಲ್ಲಿ ಹೋಗಿಬರುವುದು ರೂಢಿ. ದಾರಿಯುದ್ದಕ್ಕೂ ಮಾವ ಮಾತಾಡುವುದು, ಪಕ್ಕದ ಒರಗದ ಸೀಟಿನಲ್ಲಿ ಅತ್ತೆ ನೆಟ್ಟಗೆ ಕೂತು ಹೂಂಗುಟ್ಟುವುದು. ಅತ್ತೆಗೆ ಬೆನ್ನುಮೂಳೆ ಸವೆದು ಸೊಂಟ ಹಿಡಿದು ವರ್ಷಗಳೇ ಆಗಿದ್ದವು. ಆದರೂ ನೋಯುತ್ತದೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. "ನಮ್ಮೋಳು ಕಾರಲ್ಲಿ ಕಣ್ಣೇ ಮುಚ್ಚಾಕಿಲ್ಲ, ನನ್ನಷ್ಟೇ ಕಾರಿನ್ ಉಚ್ಚು" ಎಂದು ಮಾವ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಒಮ್ಮೆ ಅಕ್ಕನ ಮೊಮ್ಮಗುವಿಗೆ ನಾಮಕರಣ. ಅಂಬಾಸಿಡರ್ ಗ್ಯಾರೇಜಿನಲ್ಲಿತ್ತು. ಬೇರೆ ದಾರಿ ಇಲ್ಲದೆ ಮಾವ ನನ್ನ ಕಾರು ಹತ್ತಿದರು, ಅದೂ ಹಿಂದಿನ ಸೀಟಿಗೆ. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಅತ್ತೆಯನ್ನು ಕೂರಿಸಿದೆ. ಊರು ದಾಟುವ ತನಕ ಮಾವ ನನ್ನ ಕಾರಿನ ಜಾತಕ ಜಾಲಾಡುತ್ತಲೇ ಇದ್ದರು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರು. ಪಕ್ಕಕ್ಕೆ ನೋಡಿದರೆ ಅತ್ತೆ ಬಾಯಿ ಅರೆ ತೆರೆದು ಗಾಢವಾಗಿ ನಿದ್ದೆಹೋಗಿದ್ದಾರೆ.

"ನಿಧಾನಕ್ಕೆ ಓಡ್ಸು," ಎಂದರು ಮಾವ ಪಿಸುದನಿಯಲ್ಲಿ. ಸ್ವಲ್ಪ ದೂರ ಹೋದ ಮೇಲೆ ತಮ್ಮಷ್ಟಕ್ಕೆ ಎನ್ನುವಂತೆ ಹೇಳಿದರು: "ನನ್ ಕಾರಲ್ಲಿ ಒಂದ್ ದಿನಾನೂ ಮಲಗ್ನಿಲ್ಲ ಇವ್ಳು. ನನ್ ಮಾತು ಕೇಳಕೆ ಎಚ್ರವಾಗಿರ್ತಾಳೆ ಅಂದ್ಕೊಂಡಿದ್ದೆ ಕಣಮ್ಮ."

ಬೇರಿಂಗು ಸವೆದದ್ದನ್ನು ಬೀದಿಯ ಆ ತುದಿಯಿಂದಲೇ ಹೇಳಬಲ್ಲ ಕಿವಿ ಮಾವನದು. ಪಕ್ಕದಲ್ಲಿ ಕೂತವರ ನೋವಿಗೆ ಸದ್ದಿರಲಿಲ್ಲ, ಅವರಿಗೆ ಕೇಳಿಸಲೂ ಇಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು.

ಆ ತಿಂಗಳೇ ಅವರ ಮನೆ ಮುಂದೆ ಹೊಸ ಆಟೋಮ್ಯಾಟಿಕ್ ಕಾರು ಬಂದು ನಿಂತಿತು. ಅಂಬಾಸಿಡರ್ ಹಿತ್ತಲಿನ ಶೆಡ್ಡಿಗೆ ಸೇರಿತು. ಬೀದಿಯವರು ಬಿಡುತ್ತಾರೆಯೇ? ಟೀ ಅಂಗಡಿಯಿಂದ ಹಿಡಿದು ದೇವಸ್ಥಾನದ ತನಕ ಎಲ್ಲರೂ ಬಸಪ್ಪನವರ ಎಡಗಾಲಿನ ಯೋಗಕ್ಷೇಮ ವಿಚಾರಿಸಿದರು. ಮಾವ ತುಟಿ ಎರಡು ಮಾಡಲಿಲ್ಲ. ಅವರ ಎಡಗಾಲು ಮಾತ್ರ ಇಲ್ಲದ ಕ್ಲಚ್ಚನ್ನು ಬಹಳ ದಿನ ಹುಡುಕುತ್ತಿತ್ತು. ಅತ್ತೆ ಹತ್ತಿದ ಕೂಡಲೇ ಮಾವ ಸೀಟು ಒರಗಿಸುತ್ತಿದ್ದರು. ಊರು ಮುಟ್ಟಿದ ಮೇಲೆ, ಬಾನೆಟ್ಟು ಕುಟ್ಟುತ್ತಿದ್ದ ಅದೇ ಗೆಣ್ಣಿನಿಂದ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ಕುಟ್ಟಿ ಅತ್ತೆಯನ್ನು ಎಬ್ಬಿಸುತ್ತಿದ್ದರಂತೆ. "ಮೈ ಮುಟ್ಟಿ ಎಬ್ಬುಸುದ್ರೆ ಬೆಚ್ತೀನಿ ಅಂತ ಇಂಗೆ ಮಾಡ್ತಾರೆ ಕಣೆ," ಎಂದು ಅತ್ತೆ ನನ್ನ ಹತ್ತಿರ ಹೇಳಿ, ಹುಡುಗಿಯ ಹಾಗೆ ನಾಚಿಕೊಂಡಿದ್ದರು.

ಆ ಸುಖ ಬಹಳ ಕಾಲ ಉಳಿಯಲಿಲ್ಲ. ಒಂದು ಮಳೆಗಾಲ ಜ್ವರದ ನೆಪದಲ್ಲಿ ನೀಲತ್ತೆ ಹೋಗಿಬಿಟ್ಟರು. ಇನ್ನು ಮಾವ ಅಂಬಾಸಿಡರನ್ನು ಹೊರಗೆ ತೆಗೆಯುತ್ತಾರೆ, ಬಿಸ್ಕತ್ ಡಬ್ಬ ಮಾರುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಅವರು ಎರಡನ್ನೂ ಮಾಡಲಿಲ್ಲ.

ಹೋದ ಬೇಸಿಗೆಯಲ್ಲಿ ಮಾವನೂ ತೀರಿಕೊಂಡರು. ಅದಕ್ಕೆ ಕೆಲವು ವಾರ ಮೊದಲು ನನಗೆ ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತು. ನನ್ನ ಕಾರು ಕೆಂಪು ದೀಪ ಹಚ್ಚಿಕೊಂಡು ಕೂತಿತ್ತು. ತಾವೂ ನೀಲತ್ತೆಯ ಅಕ್ಕನ ಮನೆಗೆ ಹೊರಟಿರುವುದಾಗಿ ಹೇಳಿ ಮಾವ ತಮ್ಮ ಆಟೋಮ್ಯಾಟಿಕ್ ಕಾರಿಗೆ ಕರೆದರು. ಮುಂದಿನ ಬಾಗಿಲು ತೆಗೆದರೆ ಸೀಟು ಹಿಂದಕ್ಕೆ ಒರಗಿಕೊಂಡೇ ಇತ್ತು. ನೆಟ್ಟಗೆ ಮಾಡಲು ಕೈ ಹಾಕಿದೆ.

"ಅದು ಅಂಗೇ ಇರ್ಲಿ," ಎಂದರು ಮಾವ. "ನೀನು ಇಂದೆ ಕೂತ್ಕೊ."

ಹಿಂದೆ ಕೂತೆ. ರಸ್ತೆಯ ಒಂದೊಂದು ಉಬ್ಬಿನಲ್ಲೂ ಕಾರನ್ನು ನಿಲ್ಲಿಸಿದಷ್ಟು ಮೆಲ್ಲಗೆ ಇಳಿಸುತ್ತಿದ್ದರು. ಹಳೇ ತಂಟೆ ತೆಗೆದೆ. ಈಗಲಾದರೂ ಹೇಳಿ, ಯಾವ ಕಾರು ಒಳ್ಳೆಯದು ಎಂದು ಕೇಳಿದೆ.

"ಅದ್ರಲ್ಲಿ ಮಾತಿತ್ತು ಕಣಮ್ಮ, ಇದ್ರಲ್ಲಿ ನಿದ್ದೆ ಇತ್ತು," ಎಂದರು. "ಅವ್ಳುಗೆ ಯಾವ್ದು ಬೇಕಾಗಿತ್ತು ಅಂತ ನಾನು ಮೊದ್ಲೇ ಕೇಳ್ಬೇಕಾಗಿತ್ತು."

ನರಸೀಪುರದಲ್ಲಿ ಅಕ್ಕನ ಮನೆ ಮುಂದೆ ಕಾರು ನಿಲ್ಲಿಸಿ, ಇಂಜಿನ್ನು ಆರಿಸಿದರು. ಆಮೇಲೆ ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ಎರಡು ಸಲ ಕುಟ್ಟಿದರು. ಹಿಂದಿನ ಸೀಟಿನಲ್ಲಿ ನಾನು ಎಚ್ಚರವಾಗಿಯೇ ಇದ್ದೆ.