ಕ್ಯಾಲಿಪರಿಗೆ ಅರಿಸಿನ

ಮೊನ್ನೆ, ಜನ ಕಾರಿನ ಡಿಕ್ಕಿ ತೆರೆದಿಟ್ಟು ಹಳೆ ಸಾಮಾನು ಮಾರುವ ಕಾರ್ ಬೂಟ್ ಸೇಲಿನಲ್ಲಿ, ಹಳೆಯ ಕ್ಯಾಲಿಪರ್ ಒಂದು ಕಣ್ಣಿಗೆ ಬಿತ್ತು. ಕೂದಲೆಳೆಯ ದಪ್ಪವನ್ನೂ ಅಳೆಯುವ ಸಲಕರಣೆ. ನೋಡಿದ್ದೇ ತಡ, ನಗು ಉಕ್ಕಿ ಬಂತು. ಮಾರುತ್ತಿದ್ದ ಹೆಂಗಸು ನನ್ನನ್ನು ಅನುಮಾನದಿಂದ ನೋಡಿದಳು. ಅವಳಿಗೆ ಪೊನ್ನಪ್ಪನವರ ಕಥೆ ಹೇಗೆ ಹೇಳಲಿ? ನಿಮಗೇ ಹೇಳುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ವಿಲಾಯತಿಯ ಎಜ್‌ಬಾಸ್ಟನ್ನಿನಲ್ಲಿ ಒಬ್ಬನೇ ಇದ್ದ ನನಗೆ ಒಳ್ಳೆಯ ಊಟ ಬೇಕೆಂದರೆ ಪೊನ್ನಪ್ಪನವರ ಮನೆಯೇ ಗತಿ. ಅವರು ಕೊಡಗಿನ ಇಂಜಿನಿಯರ್, ರೈಫಲ್ ಕ್ಲಬ್ಬಿನ ಸದಸ್ಯರು, ಲೈಸೆನ್ಸ್ ಪಡೆದು ತೋಟಾಗಳನ್ನು ಮನೆಯಲ್ಲೇ ತಯಾರಿಸುತ್ತಿದ್ದವರು. ಗುಂಡು ತೋಟಾದೊಳಗೆ ಎಷ್ಟು ಆಳಕ್ಕೆ ಕೂರಬೇಕು ಎಂಬುದೇ ಅವರ ಬದುಕಿನ ಪ್ರಶ್ನೆ. ಒಂದೆಳೆ ಒಳಗೆ, ಒಂದೆಳೆ ಹೊರಗೆ ಎಂದು ಗುಂಡು ಕೂರಿಸುವ ಯಂತ್ರದ ತಿರುಪು ತಿರುಗಿಸುತ್ತಲೇ ವರ್ಷಗಳು ಕಳೆದಿದ್ದವು. ಗುರಿಹಲಗೆಯ ಮೇಲೆ ಗುಂಡುಗಳು ಮಾತ್ರ ಮುನಿಸಿಕೊಂಡ ನೆಂಟರ ಹಾಗೆ ದೂರದೂರವೇ ಬೀಳುತ್ತಿದ್ದವು. ಈ ತಪಸ್ಸೆಲ್ಲ ಊಟದ ಮೇಜಿನ ಮೇಲೆ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದೆವು; ಎಣ್ಣೆಗಾಯಿಗೆ ನನ್ನ ಒಳ್ಳೆಯ ಪ್ಯಾಂಟೊಂದು ಬಲಿಯಾಗಿತ್ತು.

"ಈ ಸಲ ಕಪ್ ಬರ್ಲಿಲ್ಲಂದ್ರ ನಿಮ್ಮ ಮಷೀನು ಶೆಡ್ಡಿಗೆ ಹೋಗತೈತಿ," ಎಂದರು ಅವರ ಹೆಂಡತಿ, ಧಾರವಾಡದ ಶಶಿಕಲಾ. ನಾನು ಮನಸ್ಸಿನಲ್ಲೇ ಪೊನ್ನಪ್ಪನವರ ಸೋಲಿಗೆ ಹರಕೆ ಹೊತ್ತೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು, ಮಿಕ್ಸಿ, ಕ್ಯಾಲಿಪರ್ ಎಲ್ಲಕ್ಕೂ ಅರಿಸಿನ ಬಿತ್ತು. ಮರುದಿನ ಅದೇ ಕ್ಯಾಲಿಪರಿನಲ್ಲಿ ಅಳೆದು ಪೊನ್ನಪ್ಪ ತೋಟಾ ಮಾಡಿಕೊಂಡು ಕ್ಲಬ್ಬಿನ ಪಂದ್ಯಕ್ಕೆ ಹೋದರು. ಗುಂಡುಗಳೆಲ್ಲ ಒಂದೇ ತೂತಿಗೆ! ಕಪ್ ಬಂತು. ಅಳತೆಯನ್ನು ಇನ್ನೊಮ್ಮೆ ನೋಡೋಣವೆಂದು ಕೂತಾಗ ಕ್ಯಾಲಿಪರಿನ ಬಾಯಲ್ಲಿ ಒಣಗಿದ ಅರಿಸಿನ ಕಂಡಿತು. ಅಳತೆಯೇ ತಪ್ಪಿ, ಗುಂಡು ಅವರು ಎಣಿಸಿದ್ದಕ್ಕಿಂತ ಒಂದೆಳೆ ಆಳಕ್ಕೆ ಕೂತಿತ್ತು. ಗಾಬರಿಯಲ್ಲಿ ಅದನ್ನು ಒರೆಸಿ, ತಿರುಪನ್ನೂ ಸಡಿಲಿಸಿಬಿಟ್ಟರು. ಆಳ ಎಷ್ಟಿತ್ತೆಂದು ಅಳೆದು ನೋಡಲು ಆ ತೋಟಾಗಳು ಒಂದೂ ಉಳಿದಿರಲಿಲ್ಲ.

"ಎಷ್ಟು ಹಚ್ಚಿದ್ದೆ ಮಾರಾಯ್ತಿ?"

"ಅರಿಷಿಣಕ್ಕೂ ಅಳತಿ ಇರ್ತೈತೇನ್ರಿ? ಕೈಗೆ ಬಂದಷ್ಟು."

"ಹಾಗೇ ಇನ್ನೊಂದ್ಸಲ ಹಚ್ಚು."

"ಹಚ್ತೀನಿ. ಮೊದ್ಲ ಮೇಜು ಖಾಲಿ ಮಾಡ್ರಿ."

ಕಪ್ ಗೆದ್ದವರೇ ಯಂತ್ರ ಹೊತ್ತು ಶೆಡ್ಡಿಗೆ ನಡೆದರು. ನನಗಂತೂ ಪರಮಾನಂದ. ಆದರೆ ಆ ಒಂದೇ ತೂತು ಅವರಿಗೆ ಮತ್ತೆ ಸಿಗಲಿಲ್ಲ. ಅರಿಸಿನದ ಡಬ್ಬಿ ಹಿಡಿದು ಈಗಲೂ ಅಲ್ಲೇ ಕೂರುತ್ತಾರೆ.

ಮೊನ್ನೆ ಸೇಲಿನಿಂದ ನೇರ ಅವರ ಮನೆಗೇ ಹೋದೆ. ಬಡಿಸುತ್ತಿದ್ದ ಶಶಿಕಲಾ ಅವರನ್ನು ಕೇಳಿದೆ: "ಅಕ್ಕಾ, ನಿಜ ಹೇಳಿ, ಅವತ್ತು ಎಷ್ಟು ಹಚ್ಚಿದ್ರಿ?"

ಅವರು ಶೆಡ್ಡಿನ ಕಡೆ ನೋಡಿ ದನಿ ತಗ್ಗಿಸಿದರು. "ನಾ ಮಿಕ್ಸಿ ತನಕ ಹಚ್ಚಿದ್ದೆ ತಮ್ಮಾ. ಕ್ಯಾಲಿಪರಿಗೆ ಹಚ್ಚಿದವ್ರು ಅವರೇ. ಮರ್ತಾರ. ಹೇಳಬ್ಯಾಡ, ಮಷೀನು ಮತ್ತ ಮೇಜಿಗೆ ಬರತೈತಿ."

ಪಾಪ ಎನಿಸಿತು, ನಿಜ. ಆದರೂ ಹೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.